ಉಕ್ಕಿನ ಟೋಪಿಗೆ ಗೋಣಿಯ ಹೊದಿಕೆ

ಮಹಾಯುದ್ಧಗಳ ಕಾಲದ ಉಕ್ಕಿನ ಶಿರಸ್ತ್ರಾಣಗಳ ಪ್ರತಿಕೃತಿಗಳನ್ನು ಕೊಂಡು, ಬಣ್ಣ ಬಳಿದು, ಬಲೆ ಹೊದಿಸಿ, ಹಳೆಯ ಕದನಗಳನ್ನು ಅಭಿನಯಿಸುವ ಹವ್ಯಾಸಿಗಳು ಯೂರೋಪು, ಅಮೆರಿಕಗಳಲ್ಲಿ ಅನೇಕರಿದ್ದಾರೆ. ಆ ಬಣ್ಣ, ಆ ಬಲೆ ಅಲಂಕಾರಕ್ಕೆಂದು ಹುಟ್ಟಿದವಲ್ಲ ಎಂಬುದನ್ನು ನನ್ನ ವಿದ್ಯಾರ್ಥಿಮಿತ್ರರು ಅರಿಯಬೇಕು.

1915ರಲ್ಲಿ ಬ್ರಿಟಿಷ್ ಸೈನ್ಯವು ಜಾನ್ ಬ್ರೋಡಿ ರೂಪಿಸಿದ ಅಗಲ ಅಂಚಿನ ಶಿರಸ್ತ್ರಾಣವನ್ನು ಸ್ವೀಕರಿಸಿತು. ಮೇಲಿನಿಂದ ಸಿಡಿದು ಬೀಳುವ ಲೋಹದ ಚೂರುಗಳಿಂದ ಅದು ತಲೆಯನ್ನು ಕಾಯಿತು. ಆದರೆ ಅದರ ನುಣುಪಾದ ಬಣ್ಣ ಬಿಸಿಲಿಗೆ ಮಿರುಗಿ, ಕಂದಕದಲ್ಲಿದ್ದವನ ನೆಲೆಯನ್ನು ಶತ್ರುವಿಗೆ ತೋರಿಸತೊಡಗಿತು. ಕಾಯಬೇಕಾದುದೇ ಹಿಡಿದುಕೊಡುವಂತಾಯಿತು!

ಪರಿಹಾರವು ಸರಳವಾಗಿತ್ತು. ಹಸಿಬಣ್ಣದ ಮೇಲೆ ಮರಳನ್ನೋ ಮರದ ಹೊಟ್ಟನ್ನೋ ಉದುರಿಸಿ ಮೈಯನ್ನು ಒರಟಾಗಿಸಿದರು. ಗೋಣಿಬಟ್ಟೆಯ ಗವುಸು ತೊಡಿಸಿದರು. ಗೋಣಿಯ ನಾರಾದ ಸೆಣಬನ್ನು ಅಂದು ಜಗತ್ತಿಗೆ ಬಹುಪಾಲು ಒದಗಿಸುತ್ತಿದ್ದುದು ಬಂಗಾಳದ ರೈತರು.

ಹೊಳಪು ಅಡಗಿದರೂ ದುಂಡನೆಯ ಆಕಾರ ಉಳಿಯಿತು. ಪ್ರಕೃತಿಯಲ್ಲಿ ಅಷ್ಟು ನಯವಾದ ಗುಮ್ಮಟ ವಿರಳ. ಕಣ್ಣು ಅದನ್ನು ಥಟ್ಟನೆ ಗುರುತಿಸುತ್ತದೆ. ಆದ್ದರಿಂದ 1918ರ ಜುಲೈಯಲ್ಲಿ ಜರ್ಮನ್ ಸೈನ್ಯವು ಹಸಿರು, ಕಂದು, ಹಳದಿಯ ತುಂಡುಗಳನ್ನು ಬಳಿದು, ನಡುವೆ ಬೆರಳಗಲದ ಕಪ್ಪು ಗೆರೆ ಎಳೆಯಲು ಆದೇಶಿಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಬಲೆ ಹೊದಿಸಿ, ಗೋಣಿಯ ಪಟ್ಟಿಗಳನ್ನು ಹೆಣೆದರು. ಅಮೆರಿಕದ ಮರೀನ್ ಸೈನಿಕರ ಬಟ್ಟೆಯ ಗವುಸಿಗೆ ಎರಡು ಮುಖಗಳಿದ್ದವು: ಕಾಡಿಗೆ ಹಸಿರು, ಕಡಲತೀರಕ್ಕೆ ಕಂದು.

ಪ್ರತಿಕೃತಿಗೆ ಮರಳು ಉದುರಿಸುವ ಇಂದಿನ ತರುಣನಿಗೆ ಇದು ವಿನೋದ. ತಪ್ಪಿದರೆ ಮತ್ತೆ ಬಳಿಯಬಹುದು. ಅಂದಿನವನಿಗೆ ಆ ಅವಕಾಶವಿರಲಿಲ್ಲ. ಒಂದು ಕ್ಷಣದ ಹೊಳಪು ಎಲ್ಲೋ ದೂರದ ಮನೆಯೊಂದರ ದೀಪವನ್ನೇ ಆರಿಸಬಲ್ಲದಾಗಿತ್ತು.