ಭಾವೋದ್ರೇಕ ಮತ್ತು ಉನ್ಮಾದ: ಒಂದು ಗಡಿರೇಖೆಯ ಇತಿಹಾಸ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ಉನ್ಮಾದವೂ ಒಂದು. ಚರಕಸಂಹಿತೆಯಲ್ಲಾದರೋ ಅದೇ ಶಬ್ದವು ಐದು ಬಗೆಯ ವ್ಯಾಧಿಗೆ ಹೆಸರಾಗಿ ನಿಂತಿದೆ. ರಂಗದ ಮೇಲೆ ಇಷ್ಟಜನವಿಯೋಗದಿಂದ ಬೆಂದು ನಿಮಿತ್ತವಿಲ್ಲದೆ ನಗುವ, ಅಳುವ ಪಾತ್ರವೂ, ವೈದ್ಯನ ಮುಂದೆ ಬಂಧುಗಳು ತಂದು ಕೂರಿಸಿದ ರೋಗಿಯೂ ಒಂದೇ ಪದದ ನೆರಳಿನಲ್ಲಿದ್ದುದು ಭಾಷೆಯ ದಾರಿದ್ರ್ಯದಿಂದಲ್ಲ. ಹೊರಗಣ್ಣಿಗೆ ಇಬ್ಬರೂ ಹಾಗೆಯೇ ತೋರುತ್ತಿದ್ದರೆಂಬುದರಿಂದ. ಮನೋದುಃಖದಿಂದ ಹುಟ್ಟುವ ಉನ್ಮಾದವನ್ನು ಸುಶ್ರುತನು ಪ್ರತ್ಯೇಕವಾಗಿ ಎಣಿಸಿದುದನ್ನು ನೋಡಿದರೆ, ಕಾರಣದ ಬಲದಿಂದ ಇವೆರಡನ್ನು ಬಿಡಿಸಬಹುದೆಂಬ ಆಸೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ವಿಷಾದವೂ ಉನ್ಮತ್ತ ಹರ್ಷವೂ ಒಬ್ಬನಲ್ಲಿಯೇ ಕೂಡಿಬರಬಹುದೆಂದು ಕಪಡೋಕಿಯದ ಗ್ರೀಕ್ ವೈದ್ಯ ಅರೆಟಿಯಸನು ಕ್ರಿಸ್ತಶಕದ ಆದಿಯ ಶತಮಾನಗಳಲ್ಲಿಯೇ ಬರೆದಿದ್ದನು. ಆದರೆ ವಿಷಯವು ನಿಜವಾಗಿ ಹೊರಳಿದುದು 1854ರ ಪ್ಯಾರಿಸಿನಲ್ಲಿ. ಅಲ್ಲಿನ ವೈದ್ಯಕೀಯ ಅಕಾಡೆಮಿಯಲ್ಲಿ ವೈದ್ಯ ಬೈಯಾರ್ಜೆ ಈ ಕೂಡಿಬರುವ ವ್ಯಾಧಿಯನ್ನು ‘ದ್ವಿರೂಪದ ಹುಚ್ಚು’ ಎಂದನು. ಅದನ್ನು ‘ವರ್ತುಲದ ಹುಚ್ಚು’ ಎಂದು ತಾನು ಮೊದಲೇ ಹೇಳಿದ್ದೆನೆಂದು ಫಾಲ್ರೆ ತಗಾದೆ ತೆಗೆದನು. ಇಬ್ಬರೂ ಫ್ರೆಂಚ್ ಮನೋವೈದ್ಯ ಎಸ್ಕಿರೋಲನ ಶಿಷ್ಯರು. ಗುರುಭಾಯಿಗಳ ಜಗಳಕ್ಕೆ ಬಿಸಿ ಹೆಚ್ಚೆಂಬುದು ಎಲ್ಲ ದೇಶಗಳಲ್ಲಿಯೂ ಒಂದೇ. ಯಾರು ಮೊದಲಿಗರೆಂಬುದು ನಮಗೆ ಮುಖ್ಯವಲ್ಲ. ಏರಿಳಿತಗಳೆರಡರ ನಡುವಣ ನೆಮ್ಮದಿಯ ಕಾಲವನ್ನೂ ಫಾಲ್ರೆ ವ್ಯಾಧಿಯ ವರ್ತುಲದೊಳಗೆ ಸೇರಿಸಿದನೆಂಬುದು ಮುಖ್ಯ. ಏಕೆಂದರೆ ಅಂದಿನಿಂದ ವೈದ್ಯನು ಆ ಹೊತ್ತಿನ ಅಳುವನ್ನೋ ಆರ್ಭಟವನ್ನೋ ತೂಗುವುದನ್ನು ಬಿಟ್ಟು, ವರ್ಷಗಳುದ್ದಕ್ಕೂ ಹರಿಯುವ ಒಂದು ಗತಿಯನ್ನು ಓದಬೇಕಾಯಿತು.

ಈ ಓದಿಗೆ ಸಾಧನವನ್ನೊದಗಿಸಿದವನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್. ರೋಗಿಗಳ ವೃತ್ತಾಂತವನ್ನು ಚೀಟಿಗಳಲ್ಲಿ ಬರೆದಿಟ್ಟು, ವರ್ಷಾಂತರದಲ್ಲಿ ಅವರು ಏನಾದರೆಂಬುದನ್ನು ಅರಸಿ, 1899ರಲ್ಲಿ ತನ್ನ ಪಠ್ಯಗ್ರಂಥದ ಆರನೆಯ ಆವೃತ್ತಿಯಲ್ಲಿ ಆತನು ಉನ್ಮಾದ ಹಾಗೂ ಖಿನ್ನತೆಗಳನ್ನು ಒಂದೇ ವ್ಯಾಧಿಯಲ್ಲಿ ಕೂಡಿಸಿದನು. ಮೊದಲು ಗಂಡನು ಸತ್ತಾಗ, ಅನಂತರ ನಾಯಿಯು ಸತ್ತಾಗ, ಕಡೆಗೆ ಸಾಕಿದ ಪಾರಿವಾಳವು ಸತ್ತಾಗ ಖಿನ್ನತೆಗೆ ಬಿದ್ದ ಹೆಂಗಸೊಬ್ಬಳನ್ನು ಆತನು ಉದಾಹರಿಸುತ್ತಾನೆ. ಮೊದಲ ಸಲ ಆಕೆಯನ್ನು ಕಂಡ ಯಾರಾದರೂ ಅದನ್ನು ಶೋಕವೆಂದೇ ಹೇಳುತ್ತಿದ್ದರು. ಮೂರನೆಯ ಸಲ ಮಾತ್ರ ಹಾಗೆ ಹೇಳಲು ನಾಲಗೆ ತಡವರಿಸುತ್ತದೆ. ಕಾರಣವು ಕಿಡಿಯಷ್ಟೆ, ಸಿಡಿಮದ್ದು ಒಳಗಿದೆಯೆಂಬುದು ಆತನ ವಾದ. ಆದರೆ ಪದೇಪದೇ ಬರುವ ಖಿನ್ನತೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿದುದು ಅತಿಯಾಯಿತೆಂದು ನನಗನಿಸುತ್ತದೆ; ಖಿನ್ನತೆ ಮಾತ್ರವಿರುವ ಏಕಧ್ರುವ, ಉನ್ಮಾದವೂ ಸೇರಿದ ದ್ವಿಧ್ರುವಗಳೆಂದು ಅದನ್ನು 1957ರಲ್ಲಿ ಜರ್ಮನ್ ಮನೋವೈದ್ಯ ಲಿಯೊನ್‌ಹಾರ್ಡನು ಬೇರ್ಪಡಿಸಿದನು.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 1980ರಲ್ಲಿ ‘ಬೈಪೋಲಾರ್’ (ದ್ವಿಧ್ರುವ) ಎಂಬ ಹೆಸರನ್ನು ಸ್ಥಿರಪಡಿಸಿತು. ಇಂದು ಅದರ ಅಳತೆಗೋಲಿನಂತೆ ಉನ್ಮಾದಕ್ಕೆ ಒಂದು ವಾರ (ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ದಿನಗಳ ಲೆಕ್ಕವಿಲ್ಲ), ಲಘೂನ್ಮಾದಕ್ಕೆ 4 ದಿನ, ಖಿನ್ನತೆಗೆ 2 ವಾರ. ನಾಲ್ಕನೆಯ ದಿನದ ಸೂರ್ಯಾಸ್ತದೊಳಗೆ ಪ್ರಕೃತಿಯು ಗೆರೆ ಎಳೆಯುವುದೆಂದು ಯಾರೂ ನಂಬರು. ಆದರೂ 2013ರ ಆವೃತ್ತಿಯು ಚಿತ್ತವೃತ್ತಿಯ ಏರಿಕೆಯೊಡನೆ ಶಕ್ತಿಯ, ಚಟುವಟಿಕೆಯ ಏರಿಕೆಯೂ ಇರಬೇಕೆಂದು ವಿಧಿಸಿದುದು ಸೂಕ್ಷ್ಮವಾದ ಸೇರ್ಪಡೆ. ದುಃಖದಿಂದಲೋ ಕೋಪದಿಂದಲೋ ನಿದ್ದೆಗೆಟ್ಟವನು ಬೆಳಗ್ಗೆ ಬಳಲಿ ಏಳುತ್ತಾನೆ. ಉನ್ಮಾದದವನು ಮೂರು ಗಂಟೆ ಮಲಗಿ, ದಣಿವೇ ಇಲ್ಲದೆ ಹೊಸ ಯೋಜನೆಯೊಡನೆ ಏಳುತ್ತಾನೆ. ಹಾಗೆ ಎದ್ದವನು ತನ್ನ ಬದಲಾವಣೆಯನ್ನು ತಾನು ಕಾಣುವುದು ಅಪರೂಪ. ಆದುದರಿಂದಲೇ ಅನುಭವಸ್ಥ ವೈದ್ಯನು ರೋಗಿಯ ಮಾತನ್ನೆಲ್ಲ ಕೇಳಿಯಾದ ಮೇಲೆ, ಜೊತೆಗೆ ಬಂದು ಮೂಲೆಯಲ್ಲಿ ಕುಳಿತ ತಾಯಿಯ ಕಡೆಗೆ ತಿರುಗಿ, “ಇವನು ಮೊದಲಿನಿಂದಲೂ ಹೀಗೆಯೇನಮ್ಮ?” ಎಂದು ಕೇಳುತ್ತಾನೆ.