ಬಯಲಿನ ಕಾಳಗ

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಹತನಾದ ಕಿತ್ತೂರಿನ ಸಮರವನ್ನು, ಬಿ.ಆರ್. ಪಂತುಲು ಅವರು 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬೆಳ್ಳಿತೆರೆಗೆ ತಂದು, ಬಿ. ಸರೋಜಾದೇವಿಯವರ ಅಭಿನಯದ ಮೂಲಕ ರಾಣಿಯನ್ನು ನಾಡಿಗೆಲ್ಲ ಕಣ್ಣಾರೆ ತೋರಿಸಿದರು. ಆದರೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಅಡಕೆತೋಟದ ಸೀಮೆಯ ಜನಕ್ಕೆ ಯುದ್ಧವನ್ನು ನೋಡುವ ವಿದ್ಯೆಯು ಚಲಚ್ಚಿತ್ರದಿಂದ ಬಂದುದಲ್ಲ; ಕೊಯ್ಲಾದ ಗದ್ದೆಯ ಬಯಲಿನಲ್ಲಿ ಇರುಳಿಡೀ ನಡೆಯುತ್ತಿದ್ದ ಬಡಗುತಿಟ್ಟಿನ ಯಕ್ಷಗಾನವೇ ಅದಕ್ಕೆ ಗುರುಕುಲ. ಕೃಷ್ಣಾರ್ಜುನ ಕಾಳಗ, ಗದಾಯುದ್ಧ, ಹೀಗೆ ಪ್ರಸಂಗಗಳ ಹೆಸರುಗಳಲ್ಲಿಯೇ ರಣವಾದ್ಯವು ಕೇಳಿಸುತ್ತದೆ.

ಅಲ್ಲಿ ಆನೆ ಕುದುರೆಗಳಿಲ್ಲ, ಚತುರಂಗಬಲವಿಲ್ಲ. ಎದುರುಬದುರಾಗಿ ಇಬ್ಬರು ವೇಷಧಾರಿಗಳು, ಹಿಮ್ಮೇಳದಲ್ಲಿ ಭಾಗವತರು, ಮದ್ದಲೆ, ಚಂಡೆ, ಅಷ್ಟೇ. ಮಾತಿನ ಮೂದಲಿಕೆ ಮುಗಿದು ಪದ್ಯವು ದ್ರುತಗತಿಗೇರಿದೊಡನೆ ಚಂಡೆಯು ಮೊರೆಯತೊಡಗಲು, ಅರ್ಜುನನು ಬಿಲ್ಲನ್ನು ಝಳಪಿಸಿ, ಮಂಡಿಯೂರಿ, ಗೆಜ್ಜೆ ಝಣರೆನ್ನುವಂತೆ ರಂಗಸ್ಥಳದ ಸುತ್ತ ಚಕ್ರಾಕಾರವಾಗಿ ಸುತ್ತುತ್ತಾನೆ. ಬಾಣವು ಬಿಲ್ಲನ್ನು ಬಿಟ್ಟು ಹೊರಡುವುದೇ ಇಲ್ಲ, ಆದರೂ ಎದುರಾಳಿಗೆ ನಾಟುತ್ತದೆ. ತೆರೆಯ ಮೇಲಿನ ದೊಡ್ಡ ದಂಡಿಗಿಂತ ಈ ಇಬ್ಬರೇ ನನಗೆ ಭಯಂಕರರಾಗಿ ಕಂಡುದುಂಟು. ಘಟ್ಟದವನ ಪಕ್ಷಪಾತವೆಂದರೆ ಅಲ್ಲಗಳೆಯೆನು.

1934ರಲ್ಲಿ ಯಕ್ಷಗಾನ ಕಲಾವಿದರಾದ ಕೆರೆಮನೆ ಶಿವರಾಮ ಹೆಗಡೆಯವರು ಘಟ್ಟದ ಕೆಳಗೆ ಇಡಗುಂಜಿ ಮೇಳವನ್ನು ಕಟ್ಟಿದರು. ಮುಂದೆ ಮೇಳಗಳು ಡೇರೆ ಹೂಡಿ ಟಿಕೆಟ್ಟು ಮಾರತೊಡಗಿ, ದೊಂದಿಯ ಸ್ಥಾನಕ್ಕೆ ವಿದ್ಯುದ್ದೀಪವು ಬಂದಿತು. ಕಾಳಗಕ್ಕೆ ಮಾತ್ರ ಇಂದಿಗೂ ಒಬ್ಬ ಸಮರ್ಥ ಚಂಡೆಗಾರನು ಬೇಕೇ ಬೇಕು.