ಬ್ರಿಟನ್ನಿನ ಉದ್ಯೋಗ ನ್ಯಾಯಮಂಡಲಿಯೂ ದೂರಿನ ಕಾಲಾವಧಿಯೂ

ಅನ್ಯನು ತನ್ನ ಭೂಮಿಯನ್ನು ಭೋಗಿಸುತ್ತಿರುವುದನ್ನು ಕಂಡೂ ಸುಮ್ಮನಿದ್ದವನಿಗೆ 20 ವರ್ಷಗಳಲ್ಲಿ ಹಾನಿಯೆಂದು ವಿಧಿಸಿದ ಯಾಜ್ಞವಲ್ಕ್ಯನು, ಬಾಲರ ಮತ್ತು ಜಡರ ಧನವನ್ನು ಆ ನಿಯಮದಿಂದ ಹೊರಗಿಟ್ಟನು. ವ್ಯವಹಾರಕ್ಕೆ ಮೇರೆಯೂ ಬೇಕು, ಅಪವಾದವೂ ಬೇಕು. ಬ್ರಿಟನ್ನಿನ ಶಾಸನಗಳಲ್ಲಿಯೂ ಈ ತತ್ತ್ವವು ಕಾಣಬರುತ್ತದೆ.

ಉದ್ಯೋಗದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1975ರ ಶಾಸನವು, ಕೃತ್ಯ ನಡೆದ 3 ತಿಂಗಳೊಳಗೆ ಕೈಗಾರಿಕಾ ನ್ಯಾಯಮಂಡಲಿಗೆ ದೂರು ಸಲ್ಲಿಸತಕ್ಕದ್ದೆಂದಿತು. ಜನಾಂಗಭೇದವನ್ನು ಕುರಿತ 1976ರ ಶಾಸನವೂ ಅದನ್ನೇ ಅನುಸರಿಸಿತು. 1998ರಲ್ಲಿ ಆ ಮಂಡಲಿಗೆ ಉದ್ಯೋಗ ನ್ಯಾಯಮಂಡಲಿಯೆಂಬ ಹೆಸರಾಯಿತು. 2010ರ ಸಮತಾ ಶಾಸನದ 123ನೆಯ ವಿಧಿಯು ಅದೇ ಅವಧಿಯನ್ನು ಉಳಿಸಿಕೊಂಡಿತು.

ಜೀವನೋಪಾಯವು ತಪ್ಪೀತೆಂಬ ಭಯದಿಂದ ಬಾಯಿ ತೆರೆಯದ ಸೇವಕನಿಗೆ 3 ತಿಂಗಳು ಎಷ್ಟರದು? ಈ ಕಾಠಿನ್ಯವನ್ನು ಎರಡು ಅಪವಾದಗಳು ತಗ್ಗಿಸಿದವು: ದೀರ್ಘಕಾಲ ನಡೆದ ಕೃತ್ಯಕ್ಕೆ ಅದರ ಅಂತ್ಯದಿಂದ ಗಣನೆ, ನ್ಯಾಯೋಚಿತವೆಂದು ತೋರಿದಲ್ಲಿ ಅವಧಿ ಮೀರಿದ ದೂರನ್ನೂ ವಿಚಾರಿಸುವ ಅಧಿಕಾರ. ಮೌನವೆಲ್ಲವೂ ಸಮ್ಮತಿಯ ಲಕ್ಷಣವಲ್ಲವಷ್ಟೆ.